ಪೆಡಲಿಗೆ ಮರಳುವ ಬಿಗಿ

ಮಳೆಗಾಲದಲ್ಲಿ ಸವಡಿಯಿಂದ ರೋಣದ ಕಡೆ ಬೈಕ್ ಓಡಿಸುವವರಿಗೆ ಹಿಂದಿನ ಬ್ರೇಕಿನ ಬೆಲೆ ಗೊತ್ತು. ಟ್ರ್ಯಾಕ್ಟರ್ ಗಾಲಿಗೆ ಅಂಟಿ ರಸ್ತೆಗೆ ಬಂದ ಎರೆಮಣ್ಣಿನ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಜಾರುವ ಭಯ.

ಆ ಹಿಂದಿನ ಬ್ರೇಕ್ ಡಿಸ್ಕಿನದಾಗಿದ್ದು, ಅದರ ಪೈಪಿಗೆ ಗಾಳಿ ಹೊಕ್ಕರೆ ಪೆಡಲ್ ಮೆತ್ತಗಾಗುತ್ತದೆ. ಆಯಿಲ್ ಒತ್ತಿದರೂ ಕುಗ್ಗದು. ಗಾಳಿ ಕುಗ್ಗಿ ಕಾಲಿನ ಬಲವನ್ನೆಲ್ಲ ನುಂಗುತ್ತದೆ. ಅದನ್ನು ಹೊರಗೆ ಹಾಕುವ ಕೆಲಸ ಮನೆಯಂಗಳದಲ್ಲೇ ಇಬ್ಬರು ಕೂಡಿ ಮಾಡುವಂಥದ್ದು. ಅದಕ್ಕೇ ನನಗದು ಅಚ್ಚುಮೆಚ್ಚು.

ಕ್ಯಾಲಿಪರಿನ ಗಾಳಿ ಬಿಡುವ ನಿಪ್ಪಲ್‌ಗೆ ಒಳಗಿನದೆಲ್ಲ ಕಾಣುವ ಸಣ್ಣ ಪೈಪು. ಅದರ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಬೇಕು. ನನ್ನ ತಮ್ಮ ಪೆಡಲನ್ನು ನಾಲ್ಕೈದು ಸಲ ಒತ್ತಿ ಹಿಡಿಯುತ್ತಾನೆ.

“ಹಿಡದಿಯೇನೋ?”

“ಹಿಡದೀನಣ್ಣಾ.”

ಪಾನಾ ಕಾಲು ಸುತ್ತು ತಿರುಗುತ್ತದೆ. ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಹೊರಡುತ್ತವೆ. ನಿಪ್ಪಲ್ ಬಿಗಿಯಾದ ಮೇಲೆಯೇ ಕಾಲು ಏಳಬೇಕು. ಅವಸರ ಮಾಡಿದರೆ ಗಾಳಿ ಮತ್ತೆ ಒಳಗೆ. ಮೇಲಿನ ಡಬ್ಬಿಯ ಆಯಿಲ್ ಕೆಳಗಿನ ಗೆರೆ ದಾಟಿ ಇಳಿಯಕೂಡದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಆಗಷ್ಟೇ ಸೀಲ್ ಒಡೆದ ಬಾಟಲಿಯೇ ಬೇಕು. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಬೇಕು.

ಗುಳ್ಳೆ ನಿಂತು, ಪೆಡಲ್ ಕಾಲಿಗೆ ಗಟ್ಟಿಯಾಗಿ ಎದುರು ನಿಂತಾಗ ಇಬ್ಬರ ಮುಖವೂ ಅರಳುತ್ತದೆ. ಮಾತು, ಕೈ, ಕಾಲು ಒಂದೇ ತಾಳಕ್ಕೆ ಬಂದ ಗಳಿಗೆಯದು.