ತಗಡು ಎಲ್ಲಿ ಕೂರಬೇಕು

ಮಾದನಾಯಕನಹಳ್ಳಿಯಿಂದ ಪೀಣ್ಯದವರೆಗೆ ತುಮಕೂರು ರಸ್ತೆಯ ಆಚೀಚಿನ ವರ್ಕ್‌ಶಾಪುಗಳಲ್ಲಿ ಲೇತ್ ನಡೆಸುವವರಿಗೆ ಪ್ಯಾಕಿಂಗ್ ಹೊಸದೇನಲ್ಲ. ಟೂಲಿನ ತುದಿ ಸೆಂಟರಿಗೆ ಬರದಿದ್ದರೆ ಅಡಿಗೊಂದು ತಗಡು ಇಟ್ಟರಾಯಿತು. ರೈಫಲಿನ ಸ್ಕೋಪಿಗೆ ಎಲಿವೇಶನ್ ಸಾಲದಾದಾಗಲೂ ಇದೇ ಬುದ್ಧಿ ಓಡುತ್ತದೆ: ತಂಪುಪಾನೀಯದ ಡಬ್ಬಿ ಕತ್ತರಿಸಿ, ಆ ಪಟ್ಟಿಯನ್ನು ಹಿಂದಿನ ರಿಂಗಿನೊಳಗೆ ಹಾಸಿ ಸ್ಕ್ರೂ ಬಿಗಿಯುವುದು. ಈ ಉಪಾಯದ ಲೆಕ್ಕ ಸರಿಯಿದೆ, ಜಾಗ ತಪ್ಪಿದೆ.

ಲೆಕ್ಕವನ್ನೇ ಮೊದಲು ನೋಡಬಹುದು. ನಳಿಕೆ ಮಡಚಿ ಗುಂಡು ತುಂಬುವ ಸ್ಪ್ರಿಂಗ್ ಏರ್‌ರೈಫಲುಗಳಲ್ಲಿ ನಳಿಕೆ ತುಸು ತಲೆ ತಗ್ಗಿಸಿರುವುದು ಸಾಮಾನ್ಯ. ಹೊಡೆತ ಕೆಳಗೆ ಬೀಳುತ್ತದೆ, ಸ್ಕೋಪಿನ ಎತ್ತರ ಹೊಂದಿಸುವ ತಿರುಪನ್ನು (ಟರೆಟ್) ಎಷ್ಟು ತಿರುಗಿಸಿದರೂ ಗುರಿಗೆ ಏರದೆ ಮುಗಿದುಹೋಗುತ್ತದೆ. ದೂರದ ಗುರಿಗೆ ಹೊಡೆಯುವ ರೈಫಲುಗಳಲ್ಲೂ ಕೊರತೆ ಅದೇ, ಕಾರಣ ಬೇರೆ. ಸ್ಕೋಪಿನ ಹಿಂಬದಿಯನ್ನು ಎತ್ತಿದರೆ ದೃಷ್ಟಿರೇಖೆ ನಳಿಕೆಗಿಂತ ಕೆಳಗೆ ಬಾಗುತ್ತದೆ, ಅದನ್ನು ಗುರಿಗೆ ತಂದಾಗ ನಳಿಕೆಯ ಮೂತಿ ಮೇಲೇಳುತ್ತದೆ. ರಿಂಗುಗಳ ನಡುವೆ 100 ಮಿ.ಮೀ. ಇದ್ದು ತಗಡು 0.25 ಮಿ.ಮೀ. ದಪ್ಪವಿದ್ದರೆ ಸಿಗುವುದು ಸುಮಾರು 8.6 ನಿಮಿಷದ ಕೋನ (ಡಿಗ್ರಿಯ ಅರವತ್ತನೇ ಒಂದು ಪಾಲು, ನಮ್ಮ ಜ್ಯೋತಿಷಿಗಳ ‘ಕಲೆ’), ಎಂದರೆ 50 ಮೀಟರಿನಲ್ಲಿ ಹನ್ನೆರಡೂವರೆ ಸೆಂಟಿಮೀಟರ್. ಪುಡಿಗಾಸಿನ ತಗಡಿಗೆ ಇದು ಸಣ್ಣ ಲಾಭವಲ್ಲ.

ಆದರೆ ಲೇತಿನ ಟೂಲು ಗಟ್ಟಿ ಉಕ್ಕು. ಪ್ಯಾಕಿಂಗ್ ಅದರ ಅಡಿಯುದ್ದಕ್ಕೂ ಸಮತಟ್ಟಾಗಿ ಕೂರುತ್ತದೆ. ಸ್ಕೋಪು ಟೊಳ್ಳು ಅಲ್ಯೂಮಿನಿಯಂ ಕೊಳವೆ, ಒಳಗೆ ಸ್ಪ್ರಿಂಗ್ ಒತ್ತಿ ಹಿಡಿದ ಇನ್ನೊಂದು ಕೊಳವೆ. ಹಿಂದಿನ ರಿಂಗಿನಲ್ಲಿ ಕೊಳವೆ ಮೇಲೆದ್ದಿತು, ಆದರೆ ರಿಂಗು ತಾನು ವಾಲಲಿಲ್ಲ. ಬಿಗಿದಂತೆಲ್ಲ ರಿಂಗಿನ ಅಂಚು ಕೊಳವೆಯನ್ನು ಕಚ್ಚುತ್ತದೆ, ಇಲ್ಲವೇ ಬಗ್ಗಿಸುತ್ತದೆ. ಬಗ್ಗಿದ ಕೊಳವೆಯೊಳಗಿನ ಕ್ಲಿಕ್ಕನ್ನು ನಂಬುವುದು ಹೇಗೆ?

‘ವರ್ಷಗಳಿಂದ ಹೀಗೇ ನಡೆದಿದೆ, ಏನೂ ಆಗಿಲ್ಲ’ ಎನ್ನುವವರಿದ್ದಾರೆ. ಡಬ್ಬಿಯ ತಗಡು ಸುಮಾರು 0.1 ಮಿ.ಮೀ.; ಒಂದೇ ಪದರವಾದರೆ ರಿಂಗಿನ ಸಡಿಲಿಕೆಯಲ್ಲೇ ಅಡಗಿಹೋಗುತ್ತದೆ. ಅಷ್ಟರಮಟ್ಟಿಗೆ ಅವರ ಮಾತು ನಿಜ. ಪದರದ ಮೇಲೆ ಪದರ ಸೇರಿಸಿದಾಗ ಅದು ನಿಲ್ಲುವುದಿಲ್ಲ. ತಗಡನ್ನು ರಿಂಗುಗಳು ಕೂರುವ ಬೇಸಿನ ಅಡಿಗೆ ಹಾಕಿದರೆ ಮೇಲು, ಎರಡೂ ರಿಂಗು ಒಟ್ಟಿಗೆ ವಾಲುತ್ತವೆ. ಆದರೂ ನಡುವೆ ಪೊಳ್ಳು ಉಳಿದು, ಸ್ಕ್ರೂ ಎಳೆದಾಗ ಬೇಸೇ ಬಾಗುತ್ತದೆ.

ಇಳಿಜಾರನ್ನು ಬೇಸಿನ ಲೋಹದಲ್ಲೇ ಕಡೆಯುವುದು ಸರಿಯಾದ ದಾರಿ. 20 ನಿಮಿಷದ ಬೇಸು ವಿದೇಶಿ ದುಬಾರಿ ಸರಕು ಎಂಬ ಆಕ್ಷೇಪ ಬೇರೆಡೆ ಸಲ್ಲಬಹುದು, ಯಂತ್ರೋಪಕರಣಗಳ ಮೇಳ ನಡೆಯುವ ಮಾದಾವರದ ಮಗ್ಗುಲಲ್ಲಿ ಸಲ್ಲದು. 100 ಮಿ.ಮೀ. ಸೈನ್ ಬಾರಿನ ಎರಡು ರೋಲರುಗಳ ನಡುವೆ 0.58 ಮಿ.ಮೀ. ಎತ್ತರದ ವ್ಯತ್ಯಾಸ ಕೊಟ್ಟರೆ 20 ನಿಮಿಷ ಬಂತು. ಮಿಕ್ಕಿದ್ದು ಸರ್ಫೇಸ್ ಗ್ರೈಂಡರಿನ ಕೆಲಸ. ಸ್ಕೋಪಿನ ಅಡಿಗೆ ತುರುಕಬೇಕಿದ್ದ ಅದೇ ದಪ್ಪ ಇಲ್ಲಿ ಸೈನ್ ಬಾರಿನ ಅಡಿಗೆ ಹೋಗುತ್ತದೆ, ಕೆಲಸ ಮುಗಿದ ಮೇಲೆ ಪೆಟ್ಟಿಗೆಗೆ ಮರಳುತ್ತದೆ.

ಬೇಸಿಗೂ ಮಿತಿಯಿದೆ. ಒಟ್ಟು 60 ನಿಮಿಷ ತಿರುಗುವ ಸ್ಕೋಪಿನಲ್ಲಿ ನಡುವಿನಿಂದ ಮೇಲಕ್ಕೆ 30, ಕೆಳಕ್ಕೆ 30. ಬೇಸು 20 ಕೊಟ್ಟರೆ ಮೇಲಕ್ಕೆ 50 ಸಿಕ್ಕಿ, ಕೆಳಕ್ಕೆ 10 ಉಳಿಯುತ್ತದೆ. ಒಟ್ಟು 30 ಮಾತ್ರ ಇರುವ ಸ್ಕೋಪಿಗೆ ಇದೇ ಬೇಸು ಹಾಕಿದರೆ, ನಳಿಕೆ ತಲೆ ತಗ್ಗಿಸಿಲ್ಲದ ರೈಫಲಿನಲ್ಲಿ ಹತ್ತಿರದ ಗುರಿಗೆ ಟರೆಟ್ ಇಳಿಯುವುದೇ ಇಲ್ಲ.