ಗೆದ್ದರೂ ಸಾಲದು

ಮಗಳ ಬಾಣಂತನಕ್ಕೆಂದು ೨೦೨೪ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಒಹಾಯೊ ರಾಜ್ಯಕ್ಕೆ ಹೋಗಿದ್ದೆ. ಒಂದು ರಾತ್ರಿ ಮಗುವನ್ನು ಮಲಗಿಸಿ ಹೊರಗೆ ಬಂದರೆ ಅಳಿಯಂದಿರು ಟೀವಿಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯ. ಅವರು ಹಿಡಿದಿದ್ದ ತಂಡವೇ ೧೧ ಅಂಕಗಳಿಂದ ಗೆದ್ದು ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು.

“ಗೆದ್ದರಲ್ಲ, ಮತ್ಯಾಕೆ ಮುಖ ಹೀಗೆ?” ಅಂದೆ.

“ಗೆದ್ದರು ಅತ್ತೆ. ಆದರೆ ಹದಿನೆಂಟೂವರೆಯಿಂದ ಗೆಲ್ಲಬೇಕಿತ್ತು.”

ಹದಿನೆಂಟು ಸರಿ, ಈ ಅರೆ ಎಲ್ಲಿಂದ ಬಂತು? ಪಿ.ಯು.ಸಿ.ಯಲ್ಲಿ ನಾನೂ ಎರಡು ವರ್ಷ ಈ ಆಟ ಆಡಿದವಳೇ. ಬುಟ್ಟಿಗೆ ಹಾಕಿದರೆ ಎರಡು, ಫ್ರೀ ಥ್ರೋಗೆ ಒಂದು. ದೂರದಿಂದ ಹಾಕಿದರೆ ಮೂರು ಎಂಬುದು ನನ್ನ ಕಾಲವಾದ ಮೇಲೆ ಬಂದದ್ದು. ಅರ್ಧ ಅಂಕ ಯಾವ ಕಾಲದಲ್ಲೂ ಇಲ್ಲ. ಅದು ಪಣದವರು ಸೇರಿಸಿದ್ದಂತೆ. ಬಲವಾದ ತಂಡ ಇಷ್ಟು ಅಂತರದಿಂದ ಗೆದ್ದರೆ ಮಾತ್ರ ಗೆದ್ದಂತೆ ಲೆಕ್ಕ. ಅರೆ ಸೇರಿಸಿದರೆ ಸಮವಾಯಿತೆಂದು ಹಣ ವಾಪಸ್ಸು ಕೊಡುವ ತಾಪತ್ರಯವಿಲ್ಲ. ಇದಕ್ಕೆ ಸ್ಪ್ರೆಡ್ ಎನ್ನುತ್ತಾರೆ.

ಈ ಪಣಕ್ಕಾಗಿಯೇ ಭವಿಷ್ಯ ಬರೆಯುವವರಿದ್ದಾರೆ. ಅಳಿಯಂದಿರು ಅವನ್ನೆಲ್ಲ ಓದುತ್ತಿದ್ದರು. ಬಾಣಂತಿಯ ಮನೆಯಲ್ಲಿ ನಿದ್ದೆ ಹೇಗೂ ಇಲ್ಲ, ನಾನೂ ಓದಿದೆ. ನಮ್ಮ ವಾರಭವಿಷ್ಯಕ್ಕಿಂತ ಇವು ಎಷ್ಟೋ ಮೇಲು ಎನ್ನಲೇಬೇಕು. ಎರಡು ತಂಡಗಳ ಹಿಂದಿನ ಪಂದ್ಯಗಳು, ನೂರಕ್ಕೆ ಎಷ್ಟು ಎಸೆತ ಬುಟ್ಟಿಗೆ ಬೀಳುತ್ತದೆ, ಆಟದ ವೇಗ ಎಷ್ಟು, ಯಾರಿಗೆ ಪೆಟ್ಟಾಗಿದೆ, ಎಲ್ಲ ಲೆಕ್ಕ ಹಾಕಿ ಕೊನೆಗೆ “ಇವರೇ” ಎಂದು ಬೆರಳಿಟ್ಟು ತೋರಿಸುತ್ತಾರೆ. ತಪ್ಪಿದರೆ ಮಾತ್ರ ಮರುದಿನ ಅದರ ಸುದ್ದಿಯೇ ಇಲ್ಲ, ಹೊಸ ಪಂದ್ಯ, ಹೊಸ ಬೆರಳು. ಆ ಮಟ್ಟಿಗೆ ನಮ್ಮ ಜೋಯಿಸರ ತಮ್ಮಂದಿರೇ.

ಭವಿಷ್ಯ ತಪ್ಪುತ್ತದೆಂಬುದು ನನ್ನ ದೂರಲ್ಲ. ಅವರು ಹೇಳದೆ ಬಿಡುವ ಲೆಕ್ಕ ಒಂದಿದೆ. ಸಾಮಾನ್ಯವಾಗಿ ೧೧೦ ಡಾಲರ್ ಕಟ್ಟಿದರೆ ಗೆದ್ದಾಗ ಸಿಗುವ ಲಾಭ ೧೦೦. ನೂರರಲ್ಲಿ ೫೦ ಸಲ ಸರಿ ಹೇಳಿದವನಿಗೂ ನಷ್ಟವೇ. ೫೨ ಸಲ ಸರಿ ಹೇಳಿದರೂ ಕೈಯಿಂದ ೮೦ ಡಾಲರ್ ಹೋಗುತ್ತದೆ. ೫೩ ಆದರೆ ಉಸಿರಾಡಬಹುದು. ಹಾಲಿನ ಲೆಕ್ಕ ಬರೆದಿಟ್ಟು ಅಭ್ಯಾಸವಿರುವ ಯಾವ ಹೆಂಗಸಿಗೂ ಇದು ಹೊಳೆಯುತ್ತದೆ. ನಾನು ಓದಿದ ಅಷ್ಟೂ ಬರಹಗಳಲ್ಲಿ ಒಂದರಲ್ಲೂ ಈ ಮಾತಿರಲಿಲ್ಲ.

ಇನ್ನೊಂದು, ಆ ಅರೆ ಅಂಕ ಆಟದ ಅರ್ಥವನ್ನೇ ತಿರುಚುತ್ತದೆ. ನ್ಯೂಯಾರ್ಕಿನ ಸಿಟಿ ಕಾಲೇಜು ೧೯೫೦ರಲ್ಲಿ ಆ ದೇಶದ ಎರಡು ದೊಡ್ಡ ಪಂದ್ಯಾವಳಿಗಳನ್ನೂ ಗೆದ್ದಿತ್ತು. ಮರುವರ್ಷವೇ ಅದರ ಹುಡುಗರು ಕೆಲವರು ಪೊಲೀಸರ ಕೈಗೆ ಸಿಕ್ಕರು. ಜೂಜುಕೋರರಿಂದ ಹಣ ಪಡೆದು ಅಂಕಗಳ ಅಂತರ ಕುಗ್ಗಿಸಿದ್ದರು. ನೋಡಿ, ಸ್ಪ್ರೆಡ್ ಇದ್ದಲ್ಲಿ ಸೋಲಬೇಕೆಂದೇ ಇಲ್ಲ, ಸ್ವಲ್ಪ ಕಡಿಮೆ ಗೆದ್ದರೆ ಸಾಕು. ಹದಿನೆಂಟು ಇಪ್ಪತ್ತರ ಮಕ್ಕಳಿಗೆ ಇದಕ್ಕಿಂತ ನುಣುಪಾದ ಜಾರುಬಂಡೆ ಬೇಕೆ?

ಈ ಬರಹಗಳಲ್ಲಿ ಹೆಚ್ಚು ಸವೆದ ಪದವೆಂದರೆ ಪವಾಡ. ೧೯೯೮ರ ಮಾರ್ಚ್ ೧೪ರಂದು ಮಹಿಳೆಯರ ಪಂದ್ಯಾವಳಿಯಲ್ಲಿ ಸ್ಟ್ಯಾನ್‌ಫರ್ಡನ್ನು ಅದರದೇ ಅಂಗಳದಲ್ಲಿ ಹಾರ್ವರ್ಡ್ ೭೧-೬೭ರಿಂದ ಸೋಲಿಸಿತು. ಒಂದೊಂದು ವಿಭಾಗದಲ್ಲಿ ೧ರಿಂದ ೧೬ರವರೆಗೆ ಶ್ರೇಯಾಂಕ ಕೊಡುತ್ತಾರೆ. ಸ್ಟ್ಯಾನ್‌ಫರ್ಡ್ ೧, ಹಾರ್ವರ್ಡ್ ೧೬. ಅದುವರೆಗೆ ೧೬ನೆಯವರು ಗೆದ್ದದ್ದೇ ಇರಲಿಲ್ಲ. ಗಂಡಸರಲ್ಲಿ ಅಂಥ ಗೆಲುವು ಬರಲು ೨೦೧೮ ಆಗಬೇಕಾಯಿತು. ಆದರೂ ಪವಾಡವೆಂದರೆ ಹಾರ್ವರ್ಡಿನ ಆಲಿಸನ್ ಫೀಸ್ಟರ್‌ಗೆ ಅನ್ಯಾಯ. ಆ ವರ್ಷ ದೇಶದಲ್ಲೇ ಪಂದ್ಯಕ್ಕೆ ಅತಿ ಹೆಚ್ಚು ಅಂಕ ಗಳಿಸಿದವಳು ಆಕೆ. ಆ ದಿನ ಒಬ್ಬಳೇ ೩೫ ಹಾಕಿದಳು. ಸ್ಟ್ಯಾನ್‌ಫರ್ಡಿನ ಇಬ್ಬರು ಮುಖ್ಯ ಆಟಗಾರ್ತಿಯರು ಕೆಲವೇ ದಿನಗಳ ಹಿಂದೆ ಮೊಣಕಾಲಿನ ಅಸ್ಥಿಬಂಧ ಹರಿದುಕೊಂಡು ಕೂತಿದ್ದರು. ಕಾರಣವೆಲ್ಲ ಕಣ್ಣೆದುರಿಗೇ ಇತ್ತು. ಶ್ರೇಯಾಂಕವನ್ನಷ್ಟೇ ನೋಡಿದವರಿಗೆ ಅದು ಪವಾಡವಾಯಿತು.

ಮೊದಲು ಇದೆಲ್ಲ ನೆವಾಡದಂಥ ಒಂದೆರಡು ಕಡೆ ಬಿಟ್ಟರೆ ಕದ್ದು ನಡೆಯುತ್ತಿತ್ತು. ೧೯೯೨ರ ತಡೆ ಕಾನೂನನ್ನು ಅಲ್ಲಿಯ ಸುಪ್ರೀಂ ಕೋರ್ಟು ೨೦೧೮ರಲ್ಲಿ ತಳ್ಳಿಹಾಕಿತು. ಒಹಾಯೊದಲ್ಲಿ ೨೦೨೩ರ ಜನವರಿಯಿಂದ ಫೋನಿನಲ್ಲೇ ಪಣ. ಒಬ್ಬೊಬ್ಬ ಆಟಗಾರ್ತಿ ಎಷ್ಟು ಅಂಕ ಹಾಕುತ್ತಾಳೆಂದೂ ಕಟ್ಟಬಹುದಾಗಿತ್ತು. ನಾನು ಹೋದ ತಿಂಗಳಲ್ಲೇ ಕಾಲೇಜು ಮಕ್ಕಳ ಮೇಲೆ ಅಂಥ ಪಣ ಕೂಡದೆಂದು ಆ ರಾಜ್ಯ ನಿಲ್ಲಿಸಿತು. ಹಣ ಕಳೆದುಕೊಂಡವರು ಆ ಮಕ್ಕಳಿಗೇ ಬೈಗುಳ ಬರೆದು ಕಳಿಸುತ್ತಿದ್ದರಂತೆ.

ನಮ್ಮ ಚಿಕ್ಕಪ್ಪ ಓಸಿ ಆಡುತ್ತಿದ್ದರು. ಕನಸಿನಲ್ಲಿ ಹಾವು ಬಂದರೆ ಒಂದು ನಂಬರು, ಹೆಣ ಬಂದರೆ ಇನ್ನೊಂದು. ಚಿಕ್ಕಮ್ಮನ ಬಳೆಗಳು ಒಂದೊಂದಾಗಿ ಹೋದವು. ಆದರೂ ಚಿಕ್ಕಪ್ಪ ಹಾವನ್ನು ಬೈದದ್ದನ್ನು ನಾನು ಕೇಳಿಲ್ಲ.

ಮರುದಿನ ಅಳಿಯಂದಿರು ಇನ್ನೊಂದು ಪಂದ್ಯದ ಭವಿಷ್ಯ ಓದುತ್ತಿದ್ದರು. ಪಟ್ಟಿಯಲ್ಲಿ ಒಂದು ಕಡೆ “ಮೊಣಕಾಲು, ಅನುಮಾನ” ಎಂದಿಷ್ಟೇ ಇತ್ತು. ನನ್ನ ಎಡಮೊಣಕಾಲು ಹೋದದ್ದೂ ಇದೇ ಆಟದಲ್ಲಿ. ಈಗಲೂ ಮಳೆ ಬರುವ ಮುಂಚೆ ಅದು ಹೇಳುತ್ತದೆ. ಅದರ ಭವಿಷ್ಯ ಒಂದು ದಿನವೂ ತಪ್ಪಿಲ್ಲ.

“ಯಾವ ಹುಡುಗಿಯದು?” ಎಂದು ಕೇಳಿದೆ.

“ಹೆಸರು ನೋಡಲಿಲ್ಲ ಅತ್ತೆ” ಎಂದು ಅಳಿಯಂದಿರು ಫೋನನ್ನು ಮತ್ತೆ ಮೇಲಕ್ಕೆ ಸರಿಸತೊಡಗಿದರು. ಅಷ್ಟರಲ್ಲಿ ಒಳಗೆ ಮಗು ಎದ್ದಿತು.