ಹಸಿರು ಜಲ್ಸಾ ಮುಗಿದ ಮೇಲೆ

ಉರ್ದುವಿನಲ್ಲಿ ‘ಜಲ್ಸಾ’ ಎಂದರೆ ಸಭೆ. ನಾವು ಓದಿದ ಉರ್ದು ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ‘ಸಾಲಾನಾ ಜಲ್ಸಾ’ ಎಂದೇ ಹೆಸರಿತ್ತು. ಹೈಸ್ಕೂಲಿಗೆಂದು ಕನ್ನಡ ಮಾಧ್ಯಮಕ್ಕೆ ಬಂದ ಹೊಸತರಲ್ಲಿ, “ನಮ್ಮ ಹಳೆಯ ಶಾಲೆಯಲ್ಲಿ ನಿನ್ನೆ ಜಲ್ಸಾ ಇತ್ತು, ಹೆಡ್‌ಮಾಸ್ಟರೇ ಅಧ್ಯಕ್ಷರು” ಎಂದು ಹೇಳಿ ಸಹಪಾಠಿಗಳ ನಗೆಗೆ ಗುರಿಯಾಗಿದ್ದೆವು. ಕನ್ನಡದ ಆಡುಮಾತಿನಲ್ಲಿ ಅದೇ ಪದಕ್ಕೆ ಮೋಜು, ಮಜಾ ಎಂಬ ಅರ್ಥವಿದೆ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕಾಲೇಜುಗಳ ಪರಿಸರ ಕಾರ್ಯಕ್ರಮಗಳಿಗೆ ಅತಿಥಿಯಾಗಿ, ತೀರ್ಪುಗಾರರಾಗಿ ಹೋಗಿ ಬರುವಾಗಲೆಲ್ಲ ಈ ಪದ ನೆನಪಾಗುತ್ತದೆ. ಉರ್ದುವಿನ ಜಲ್ಸಾ ಆಗಿ ಆರಂಭವಾಗುವ ಕಾರ್ಯಕ್ರಮ, ಊಟದ ಹೊತ್ತಿಗೆ ಕನ್ನಡದ ಜಲ್ಸಾ ಆಗಿ ಮುಗಿಯುತ್ತದೆ. ಇದನ್ನು ಹೇಳುವಾಗ ನಮಗೀಗ ನಗು ಬರುವುದಿಲ್ಲ. ಯಾಕೆಂದರೆ ಅದರಲ್ಲಿ ನಮ್ಮ ಪಾಲೂ ಇದೆ.

ಮೂರು ವರ್ಷಗಳ ಹಿಂದಿನ ಮಾತು. ಜೂನ್ 5, ವಿಶ್ವ ಪರಿಸರ ದಿನ. ಮಲೆನಾಡಿನ ಒಂದು ಪದವಿ ಕಾಲೇಜು ನಮ್ಮನ್ನು ಕರೆದಿತ್ತು. ಗೇಟಿನ ಬಳಿಯೇ ದೊಡ್ಡ ಫ್ಲೆಕ್ಸ್. ‘ಪ್ಲಾಸ್ಟಿಕ್ ತ್ಯಜಿಸಿ, ಪರಿಸರ ಉಳಿಸಿ’ ಎಂಬ ಬರಹದ ಕೆಳಗೆ ಅತಿಥಿಗಳ ಭಾವಚಿತ್ರ, ಅದರಲ್ಲಿ ನಮ್ಮದೂ ಒಂದು. ಕರ್ನಾಟಕ ಸರಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲಿ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಫ್ಲೆಕ್ಸ್ ಕೂಡ ಇತ್ತು ಎಂಬುದು ಅಲ್ಲಿದ್ದ ಯಾರಿಗೂ ನೆನಪಾಗಲಿಲ್ಲ, ನಮಗೂ ಆಗಲಿಲ್ಲ. ವೇದಿಕೆಯ ಮೇಲೆ ಆರು ಕುರ್ಚಿ, ಆರು ನೀರಿನ ಬಾಟಲಿ. ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ. ಚಹಾಕ್ಕೆ ಕಾಗದದ ಲೋಟ. ಕಾಗದ ಎಂದು ನಾವು ಸಮಾಧಾನಪಟ್ಟುಕೊಳ್ಳುವ ಈ ಲೋಟದ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪೊರೆ ಇರುತ್ತದೆ, ಇಲ್ಲದಿದ್ದರೆ ಬಿಸಿ ಚಹಾ ಅದರಲ್ಲಿ ನಿಲ್ಲುವುದಿಲ್ಲ.

ಭಾಷಣಗಳಾದ ಮೇಲೆ ಗಿಡ ನೆಡುವ ಕಾರ್ಯಕ್ರಮ. ಪ್ರತಿ ವರ್ಷವೂ ಅದೇ ಗುಂಡಿಯಲ್ಲಿ ಗಿಡ ನೆಡುತ್ತಾರೆ ಎಂಬ ಹಳೆಯ ನಗೆಚಟಾಕಿ ಎಲ್ಲರಿಗೂ ಗೊತ್ತು. ಈ ಕಾಲೇಜಿನವರು ಹಾಗೆ ಮಾಡಿರಲಿಲ್ಲ, ಹೊಸ ಗುಂಡಿಗಳನ್ನೇ ತೆಗೆಸಿದ್ದರು. ಆದರೆ ಪಕ್ಕದ ಸಾಲಿನಲ್ಲಿ ಹಿಂದಿನ ವರ್ಷದ ಗಿಡಗಳು ಒಣಗಿ ಕಡ್ಡಿಯಾಗಿ ನಿಂತಿದ್ದವು. ತೋಟದ ಕೆಲಸದ ಹಿರಿಯರೊಬ್ಬರು ಅದರಲ್ಲೊಂದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದರು. ಗಿಡ ಸಲೀಸಾಗಿ ಮೇಲೆ ಬಂತು, ಜೊತೆಗೆ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕೊಟ್ಟೆಯೂ ಬಂತು.

“ಕೊಟ್ಟೆ ಹರೀದೆ ನೆಟ್ರು ಸಾಹೇಬ್ರೆ. ಬೇರು ಎಲ್ಲಿಗೆ ಹೋಗ್ಬೇಕು ಹೇಳಿ? ಬದುಕಿದ್ದು ಒಂದೆರಡು ಇದ್ವು. ಏಪ್ರಿಲ್‌ನಲ್ಲಿ ಕಾಲೇಜಿಗೆ ರಜೆ, ನಂಗೂ ರಜೆ” ಎಂದರು ಅವರು. ನಾವು ಪೋಷಕರ ಹಾಗೆ ತಲೆಯಾಡಿಸಿ, ನಮ್ಮ ಪಾಲಿನ ನೇರಳೆ ಗಿಡ ಹಿಡಿದು ಫೋಟೊಗೆ ನಿಂತೆವು.

ಇದನ್ನು ಬರೆಯುತ್ತಿರುವುದು ಆ ಕಾಲೇಜನ್ನು ಹಳಿಯಲು ಅಲ್ಲ. ಕಾರ್ಯಕ್ರಮದ ಹೊಣೆ ಹೊತ್ತಿದ್ದವರು ಒಬ್ಬ ಅತಿಥಿ ಉಪನ್ಯಾಸಕರು. ಗಿಡಗಳನ್ನು ತರಿಸಿದ ಆಟೋ ಬಾಡಿಗೆಯನ್ನು ತಮ್ಮ ಕಿಸೆಯಿಂದ ಕೊಟ್ಟಿದ್ದರು. ಮುಂದಿನ ವರ್ಷ ತಾವು ಅದೇ ಕಾಲೇಜಿನಲ್ಲಿ ಇರುತ್ತೇವೆಯೇ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ತನ್ನ ಬೇರೇ ಊರಿರದ ಮನುಷ್ಯನಿಂದ ನಾವು ಗಿಡದ ಬೇರಿನ ಭರವಸೆ ಕೇಳುತ್ತಿದ್ದೇವೆ. ತಪ್ಪು ವ್ಯಕ್ತಿಗಳಲ್ಲಿರುವುದಕ್ಕಿಂತ ಹೆಚ್ಚಾಗಿ, ಇಂತಹ ಕಾರ್ಯಕ್ರಮಗಳನ್ನು ನಾವು ಯೋಚಿಸುವ ಮತ್ತು ಅಳೆಯುವ ಕ್ರಮದಲ್ಲಿದೆ.

ಹಾಗೆ ನೋಡಿದರೆ ಈ ಆಚರಣೆಯ ಮೂಲ ಗಂಭೀರವಾದುದೇ. 1972ರ ಜೂನ್ 5ರಂದು ಸ್ಟಾಕ್‌ಹೋಮ್‌ನಲ್ಲಿ ಮಾನವ ಪರಿಸರ ಕುರಿತ ವಿಶ್ವಸಂಸ್ಥೆಯ ಸಮ್ಮೇಳನ ಆರಂಭವಾಯಿತು. ಅದರ ನೆನಪಿಗಾಗಿ 1973ರಿಂದ ಈ ದಿನ ಆಚರಣೆಗೆ ಬಂತು. ನಮ್ಮ ಸುಪ್ರೀಂ ಕೋರ್ಟು 1991ರಲ್ಲಿ, ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ, ಶಾಲಾ ಕಾಲೇಜುಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತು. ಮುಂದೆ ಪದವಿ ತರಗತಿಗಳಿಗೆ ಪರಿಸರ ಅಧ್ಯಯನದ ಪಠ್ಯ ಬಂತು. ಇನ್ನು ನ್ಯಾಕ್. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಈ ಮಂಡಳಿ 2017ರಲ್ಲಿ ಪರಿಷ್ಕರಿಸಿದ ಚೌಕಟ್ಟಿನ ಏಳನೆಯ ಮಾನದಂಡದಲ್ಲಿ ಹಸಿರು ಆವರಣ, ನೀರು, ವಿದ್ಯುತ್ತು, ತ್ಯಾಜ್ಯ ಇವೆಲ್ಲ ಸೇರಿದವು. ಉದ್ದೇಶ ಒಳ್ಳೆಯದೇ. ಆದರೆ ಅಂಕಕ್ಕೆ ಪುರಾವೆ ಬೇಕು, ಪುರಾವೆ ಎಂದರೆ ಸ್ಥಳದ ಗುರುತಿರುವ ಫೋಟೊ, ಹಾಜರಿ ಪಟ್ಟಿ, ವರದಿ. ಹೀಗಾಗಿ ಗಿಡಕ್ಕಿಂತ ಗಿಡದ ಫೋಟೊಗೆ ಆಯುಷ್ಯ ಹೆಚ್ಚಾಯಿತು. ಫೋಟೊದಲ್ಲಿ ಅದು ಈಗಲೂ ಹಸಿರಾಗಿಯೇ ಇದೆ.

ನಮ್ಮದೇ ನಾಡಿನಲ್ಲಿ ಇದನ್ನೆಲ್ಲ ಬೇರೆ ರೀತಿಯಲ್ಲಿ ಯೋಚಿಸಿದವರಿದ್ದರು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಸುತ್ತಲಿನ ಹಳ್ಳಿಗರು ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ತಬ್ಬಿ ನಿಂತರು. ಪಾಂಡುರಂಗ ಹೆಗಡೆಯವರು ಮತ್ತು ಸಂಗಾತಿಗಳು ಮುನ್ನಡೆಸಿದ ಆ ಅಪ್ಪಿಕೊ ಚಳವಳಿ ಮೂರು ಮಾತುಗಳನ್ನು ಜನರ ನಾಲಿಗೆಗೆ ತಂದಿತು: ಉಳಿಸು, ಬೆಳೆಸು, ಬಳಸು. ಇದ್ದುದನ್ನು ಉಳಿಸಬೇಕು, ಇಲ್ಲದ್ದನ್ನು ಬೆಳೆಸಬೇಕು, ಬೇಕಾದಷ್ಟನ್ನೇ ತಿಳಿದು ಬಳಸಬೇಕು.

ನಮ್ಮ ಕಾಲೇಜುಗಳ ಕಾರ್ಯಕ್ರಮವನ್ನು ಈ ಮೂರು ಮಾತುಗಳಿಗೆ ಹಚ್ಚಿ ನೋಡಿದರೆ ಕೊರತೆ ತಾನಾಗಿ ಕಾಣುತ್ತದೆ. ನಾವು ನಡುವಿನ ಒಂದು ಮಾತನ್ನು ಮಾತ್ರ ಎತ್ತಿಕೊಂಡಿದ್ದೇವೆ, ಅದನ್ನೂ ಅರ್ಧಕ್ಕೆ ಬಿಟ್ಟಿದ್ದೇವೆ. ನೆಡುವುದು ಬೆಳೆಸುವುದರ ಮೊದಲ ದಿನ ಅಷ್ಟೇ. ಹೊಸ ಕಟ್ಟಡಕ್ಕೆಂದು, ವಾಹನ ನಿಲ್ಲಿಸುವ ಜಾಗಕ್ಕೆಂದು ಆವರಣದ ಹಳೆಯ ಮರ ಉರುಳುವಾಗ ‘ಉಳಿಸು’ ಎನ್ನಲು ಪರಿಸರ ಸಂಘದ ಮಕ್ಕಳಿಗೆ ಸಭೆಯೂ ಇಲ್ಲ, ಸ್ಥಾನವೂ ಇಲ್ಲ. ಇನ್ನು ‘ಬಳಸು’ ಎಂಬುದಂತೂ ಯಾವ ಭಿತ್ತಿಪತ್ರದಲ್ಲೂ ಕಾಣುವುದಿಲ್ಲ. ತರಗತಿ ಖಾಲಿಯಾದ ಮೇಲೂ ತಿರುಗುವ ಫ್ಯಾನು, ಸೋರುವ ನಲ್ಲಿ, ಹಾಸ್ಟೆಲಿನಲ್ಲಿ ಚೆಲ್ಲುವ ಅನ್ನ ಇವು ಯಾವುವೂ ಫೋಟೊಗೆ ಚೆನ್ನಾಗಿ ಬರುವ ವಸ್ತುಗಳಲ್ಲ.

2025ರ ನವೆಂಬರ್‌ನಲ್ಲಿ ನಮ್ಮನ್ನಗಲಿದ ಸಾಲುಮರದ ತಿಮ್ಮಕ್ಕನವರನ್ನು ಎಷ್ಟೋ ಕಾಲೇಜುಗಳು ಕರೆದು ಶಾಲು ಹೊದಿಸಿದವು. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಅವರು ಪತಿ ಚಿಕ್ಕಯ್ಯನವರೊಂದಿಗೆ ಬೆಳೆಸಿದ ಆಲದ ಮರಗಳು 385 ಎಂದು ನಾವೆಲ್ಲ ಬಾಯಿಪಾಠ ಒಪ್ಪಿಸುತ್ತೇವೆ. ಆದರೆ ಆ ಸಂಖ್ಯೆ ನೆಟ್ಟ ಸಸಿಗಳದ್ದಲ್ಲ, ಬೆಳೆದು ನಿಂತ ಮರಗಳದ್ದು. ಮೊದಲ ವರ್ಷ ಹತ್ತೇ ಸಸಿ, ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು. ಎಷ್ಟಕ್ಕೆ ಕೊಡ ಹೊತ್ತು ನೀರು ಹಾಕಲು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಲು ಸಾಧ್ಯವೋ ಅಷ್ಟನ್ನೇ ನೆಟ್ಟರು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಗೆ ಸಂಘಟನೆಯೂ ಗೊತ್ತಿತ್ತು, ಮೌಲ್ಯಮಾಪನವೂ ಗೊತ್ತಿತ್ತು. ನಾವು ಕಾರ್ಯಕ್ರಮಕ್ಕೆ ಅವರನ್ನು ಕರೆದೆವು, ಅವರ ಲೆಕ್ಕವನ್ನು ಕರೆಯಲಿಲ್ಲ.

ಹಾಗಾದರೆ ಒಂದು ಕಾಲೇಜು ಏನು ಮಾಡಬಹುದು? ದೊಡ್ಡ ಖರ್ಚಿನ ಮಾತೇನೂ ಇಲ್ಲ. ಕೇಂದ್ರ ಸರಕಾರದ 2016ರ ಘನತ್ಯಾಜ್ಯ ನಿಯಮಗಳಲ್ಲೇ ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭಗಳ ಕಸವನ್ನು ಅಲ್ಲಿಯೇ ಬೇರ್ಪಡಿಸುವ ಹೊಣೆಯನ್ನು ಸಂಘಟಕರ ಮೇಲೆ ಹಾಕುವ ಮಾತಿತ್ತು. ಪಕ್ಕದ ಕೇರಳದಲ್ಲಿ 2015ರ ರಾಷ್ಟ್ರೀಯ ಕ್ರೀಡಾಕೂಟವನ್ನೇ ಹಸಿರು ನಿಯಮಾವಳಿಯಡಿ ನಡೆಸಿದರು. ಸಾವಿರಾರು ಜನ ಸೇರುವಲ್ಲಿ ಆಗುವುದು ನಮ್ಮ ಮುನ್ನೂರು ಮಕ್ಕಳ ಸಭೆಯಲ್ಲಿ ಯಾಕಾಗದು? ಬ್ಯಾನರಿಗೆ ಬಟ್ಟೆ ಸಾಕು, ದಿನಾಂಕ ಬರೆಯದಿದ್ದರೆ ಹತ್ತು ವರ್ಷ ಬಾಳುತ್ತದೆ. ಸ್ಟೀಲಿನ ತಟ್ಟೆ ಲೋಟಗಳು ಶಾಮಿಯಾನದ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತವೆ. ತೊಳೆಯಲು ನೀರಿನ ಅಭಾವವಿದ್ದರೆ ನಮ್ಮಲ್ಲಿ ಅಡಿಕೆ ಹಾಳೆಯ ತಟ್ಟೆಗೇನು ಬರವೇ? ಊಟ ಬೇಕಾದವರ ಹೆಸರನ್ನು ಹಿಂದಿನ ದಿನವೇ ಬರೆದುಕೊಂಡರೆ ಅರ್ಧ ಕಸ ಹುಟ್ಟುವುದೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಂಘಟನಾ ಸಮಿತಿಯಲ್ಲಿ ಕಸ ಗುಡಿಸುವ ಹೆಂಗಸರಿಗೂ ತೋಟದ ಕೆಲಸದವರಿಗೂ ಕುರ್ಚಿ ಇರಬೇಕು. ಸಭೆ ಮುಗಿದ ಮೇಲೆ ಏನೇನು ಉಳಿಯುತ್ತದೆ ಎಂಬ ವಿಷಯದಲ್ಲಿ ಅವರಿಗಿಂತ ದೊಡ್ಡ ತಜ್ಞರಿಲ್ಲ.

ಮೌಲ್ಯಮಾಪನವೂ ಒಂದು ದಿನದ ಕೆಲಸವಲ್ಲ. ಅಂದು ಸಂಜೆ ಹಸಿ ಕಸ, ಒಣ ಕಸ ಎಷ್ಟೆಂದು ತೂಗಿ ಬರೆದಿಡಬೇಕು. ಮೂರು ತಿಂಗಳ ನಂತರ ಕರೆಂಟ್ ಬಿಲ್ಲನ್ನೂ ನೀರಿನ ಲೆಕ್ಕವನ್ನೂ ಹಿಂದಿನ ವರ್ಷದ ಅದೇ ತಿಂಗಳುಗಳ ಪಕ್ಕದಲ್ಲಿಟ್ಟು ನೋಡಬೇಕು. ಮುಂದಿನ ಮೇ ತಿಂಗಳಲ್ಲಿ ಬದುಕಿರುವ ಗಿಡಗಳನ್ನು ಎಣಿಸಬೇಕು. ಜೂನ್‌ನಲ್ಲಿ ನೀರು ಹಾಕಲು ಮಳೆಯಿದೆ, ಗಿಡಕ್ಕೆ ನಿಜವಾದ ಪರೀಕ್ಷೆ ಬೇಸಿಗೆಯಲ್ಲಿ. ಮೊದಲು ಎಷ್ಟಿತ್ತು ಎಂದು ಬರೆದಿಡದವರು ಆಮೇಲೆ ಎಷ್ಟಾಯಿತು ಎಂದು ಹೇಳಲಾರರು. ಇಷ್ಟು ಸರಳ ಸಂಗತಿ ನಮ್ಮ ಎಷ್ಟೋ ವರದಿಗಳಲ್ಲಿ ಇರುವುದಿಲ್ಲ.

ಇಷ್ಟೆಲ್ಲ ಉಪದೇಶ ಮಾಡುವ ನಾವು ಅಂದು ಮಾಡಿದ್ದೇನು? ಅದನ್ನೂ ಹೇಳಬೇಕು. ಮಧ್ಯಾಹ್ನ ನಮಗೆ ಪ್ರಬಂಧ ಸ್ಪರ್ಧೆಯ ತೀರ್ಪಿನ ಕೆಲಸವಿತ್ತು. ವಿಷಯ ‘ಜಾಗತಿಕ ತಾಪಮಾನ ಮತ್ತು ಯುವಜನತೆ’. ಹೆಚ್ಚಿನವರು ಪ್ರಕೃತಿ ಮಾತೆಯ ಕಣ್ಣೀರಿನಿಂದ ಆರಂಭಿಸಿ ಹಿಮನದಿಗಳ ಕರಗುವಿಕೆಯಲ್ಲಿ ಮುಗಿಸಿದ್ದರು. ಒಬ್ಬ ಹುಡುಗಿ ಮಾತ್ರ ತನ್ನ ಹಾಸ್ಟೆಲಿನ ಬಗ್ಗೆ ಬರೆದಿದ್ದಳು. ಕೆಲವು ರಾತ್ರಿ ತಟ್ಟೆ ತೊಳೆಯುವ ಜಾಗದಲ್ಲಿ ನಿಂತು, ಚೆಲ್ಲಿದ ಅನ್ನವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದಳು. ಆಮೇಲೆ ಅಡುಗೆಯವರನ್ನು ಒಪ್ಪಿಸಿ ಬಡಿಸುವ ದೊಡ್ಡ ಸೌಟಿನ ಬದಲು ಚಿಕ್ಕ ಸೌಟು ಇಡಿಸಿ, ಮತ್ತಷ್ಟು ರಾತ್ರಿ ತೂಗಿದ್ದಳು. ಯಾರೂ ಹಸಿದು ಏಳಲಿಲ್ಲ, ಚೆಲ್ಲುವುದು ಕಡಿಮೆಯಾಯಿತು ಎಂದು ಎರಡೂ ಅಂಕಿಗಳನ್ನು ಕೊಟ್ಟು ಬರೆದಿದ್ದಳು. ಪೀಠಿಕೆ ಇರಲಿಲ್ಲ, ಉಪಸಂಹಾರ ಇರಲಿಲ್ಲ, ಒತ್ತಕ್ಷರದ ತಪ್ಪುಗಳಿದ್ದವು. ‘ವಿಷಯಾಂತರ’ ಎಂದು ಅಂಚಿನಲ್ಲಿ ಬರೆದು, ಅವಳಿಗೆ ಸಮಾಧಾನಕರ ಬಹುಮಾನವನ್ನೂ ಕೊಡದೆ, ಪ್ರಕೃತಿ ಮಾತೆಯ ಕಣ್ಣೀರಿಗೆ ಪ್ರಥಮ ಸ್ಥಾನ ಕೊಟ್ಟೆವು. ಕಥೆ ಬರೆಯುವವರು ನಾವು. ಕಂಡದ್ದನ್ನು ಬರೆದವಳನ್ನು ಗುರುತಿಸಲು ನಮಗೇ ಆಗಲಿಲ್ಲ.

ಹೊರಡುವಾಗ ಅಭಿಪ್ರಾಯದ ನಮೂನೆಯೊಂದನ್ನು ಮುಂದಿಟ್ಟರು. ಅತ್ಯುತ್ತಮ, ಉತ್ತಮ, ಸಾಧಾರಣ. ‘ಅತ್ಯುತ್ತಮ’ದ ಮುಂದೆ ಟಿಕ್ ಹಾಕಿ, ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆವು. ಆ ಟಿಕ್ ಈಗಲೂ ಯಾವುದೋ ಕಡತದಲ್ಲಿ ಪುರಾವೆಯಾಗಿ ಕುಳಿತಿರಬೇಕು. ಅಂದು ಆ ಆವರಣದಲ್ಲಿ ನಿಜವಾದ ಅರ್ಥದಲ್ಲಿ ಒಂದು ಪರಿಸರ ಕಾರ್ಯಕ್ರಮವನ್ನು ಸಂಘಟಿಸಿ ಅದರ ಫಲವನ್ನು ಅಳೆದವಳು ಅವಳೊಬ್ಬಳೇ ಎಂಬುದು ಬಸ್ಸು ಘಟ್ಟ ಇಳಿಯುವಾಗ ಹೊಳೆಯಿತು. ಅಷ್ಟು ಹೊತ್ತಿಗೆ ಬಹುಮಾನ ಹಂಚಿಯಾಗಿತ್ತು.

ಉರ್ದುವಿನಲ್ಲಿ ಇನ್ನೊಂದು ಪದವಿದೆ, ‘ಮುಹಾಸಬಾ’. ಹಿಸಾಬು ಎಂಬ ಪದದ ಬಳಗಕ್ಕೆ ಸೇರಿದ್ದು. ಬೇರೆಯವರು ಕೇಳುವ ಮೊದಲು ತನ್ನ ಲೆಕ್ಕವನ್ನು ತಾನೇ ತೆಗೆಯುವುದು ಎಂದು ಅರ್ಥ. ನಮ್ಮ ಕಾಲೇಜುಗಳಿಗೂ ಅವುಗಳ ಅತಿಥಿಗಳಾದ ನಮಗೂ ಬೇಕಾದ ಮೌಲ್ಯಮಾಪನ ಇದು.

ಈ ವರ್ಷ ಬೇರೊಂದು ಕಾಲೇಜಿನಿಂದ ಕರೆ ಬಂತು, ಜೂನ್ 5ಕ್ಕೆ ಬರಬೇಕೆಂದು. “ಮೇ ತಿಂಗಳಲ್ಲಿ ಕರೆಯಿರಿ, ಹೋದ ವರ್ಷದ ಗಿಡಗಳನ್ನು ಒಟ್ಟಿಗೆ ಎಣಿಸೋಣ” ಎಂದೆವು.

“ಮೇ ತಿಂಗಳಲ್ಲಿ ಕಾಲೇಜಿನಲ್ಲಿ ಯಾರೂ ಇರುವುದಿಲ್ಲ ಸಾರ್” ಎಂದರು ಆ ಕಡೆಯಿಂದ.

ಗಿಡಗಳು ಮಾತ್ರ ಇರುತ್ತವೆ. ಅವುಗಳಿಗೆ ರಜೆ ಇಲ್ಲ. ಬಿಸಿಲು ಏರಿದ ಆ ಎರಡು ತಿಂಗಳು ಯಾರು ನೀರು ಹಾಕಬೇಕು, ಅವರಿಗೆ ಕೂಲಿ ಯಾರು ಕೊಡಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಗುಂಡಿ ತೆಗೆಯೋಣ. ನೂರು ನೆಡಲು ಆಗದಿದ್ದರೆ ಹತ್ತು ನೆಡೋಣ. ಅಷ್ಟಕ್ಕೂ ಆ ತಾಯಿ ಆರಂಭಿಸಿದ್ದು ಹತ್ತರಿಂದಲೇ.